ದೇವೀಂದ್ರಪ್ಪನ ಅಲೆದಾಟ ಮತ್ತು ತಮ್ಮ ಬೀಗ

ಯುವಜನ ಅಧ್ಯಯನ ಯೋಜನೆಯ ಮಾನ್ಯ ನಿರ್ದೇಶಕರೇ,

ಕಲಬುರ್ಗಿಯ ಶಹಾಬಜಾರದ ನಮ್ಮ ಕಂಪ್ಯೂಟರ್ ಕೋಣೆಗೆ ತಾವು ಜಡಿಸಿರುವ ಬೀಗವನ್ನು ತೆಗೆಸಬೇಕೆಂದು ಕೇಳಲು ಈ ಪತ್ರ. ಅಂತರ್ಜಾಲದ ಗೆಳೆತನದಿಂದ ಅಂಧ ಯುವಜನರು ಹಾಳಾಗುತ್ತಿದ್ದಾರೆಂದು ತಮ್ಮ ವರದಿ ಸಾರಿದೆ. ಹಾಳಾದವರ ಪೈಕಿ ಒಬ್ಬ ನನ್ನ ಗೆಳೆಯನೇ ಆದ್ದರಿಂದ, ಅದು ಹೇಗೆ ನಡೆಯಿತೆಂದು ತಿಳಿಸುವುದು ನನ್ನ ಕರ್ತವ್ಯ. ವರದಿಯನ್ನು ನನಗೆ ಓದಿ ಹೇಳಿದವರು ನನ್ನ ತಾಯಿ ಸರಸ್ವತೀಬಾಯಿ. ಅಂಧರ ಕುರಿತ ವರದಿಯನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿ ಅಂಧರಿಗೇ ಹಂಚಿದ ತಮ್ಮ ಔದಾರ್ಯವನ್ನು ಅವರು ಕನ್ನಡಕ ಒರೆಸಿಕೊಳ್ಳುತ್ತ ಬಹಳ ಹೊತ್ತು ಕೊಂಡಾಡಿದರು.

ನಾನು ಬ್ರಹ್ಮಪುರದವನು, ಹುಟ್ಟಿನಿಂದ ಕಣ್ಣಿಲ್ಲ. ನನ್ನ ಗೆಳೆಯ ದೇವೀಂದ್ರಪ್ಪನಿಗೂ ಕಣ್ಣಿಲ್ಲ; ಕಮಲಾಪುರದ ಒಕ್ಕಲು ಮನೆಯ ಹುಡುಗ. ಅವನ ಅಪ್ಪ ಮರೆಪ್ಪ ಅವನನ್ನು ಕೈಹಿಡಿದು ಬಸ್ಸಿನಲ್ಲಿ ಕಲಬುರ್ಗಿಗೆ ಕರೆತಂದು, ಸಂಜೆ ಕೈಹಿಡಿದೇ ಒಯ್ಯುತ್ತಿದ್ದ. ತನ್ನ ಊರಿನಲ್ಲಿ ದೇವೀಂದ್ರಪ್ಪ ಅಂಗಳ ದಾಟಿ ಒಬ್ಬನೇ ಹೋದವನಲ್ಲ. ತಮ್ಮ ಕಚೇರಿಯ ಖರ್ಚಿನಲ್ಲಿ ನಡೆಯುವ ನಮ್ಮ ಕೋಣೆಯಲ್ಲಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎರಡು ಕಂಪ್ಯೂಟರ್‌ಗಳಿದ್ದವು. ಕಲಿಸುವವರು ಖಮರುದ್ದೀನ್ ಸಾಹೇಬರು. ಹೆಡ್‌ಫೋನ್‌ಗಳು ಕೆಟ್ಟಿದ್ದವು, ಹೊಸವು ಬರುವವರೆಗೆ ಯಂತ್ರಗಳು ಬಾಯಿಬಿಟ್ಟೇ ಓದಲಿ ಎಂದು ತಮ್ಮ ಕಚೇರಿಯೇ ಅಪ್ಪಣೆ ಕೊಟ್ಟಿತ್ತು.

ಹೀಗಿರಲು ತಮ್ಮ ಅಧ್ಯಯನ ಬಂತು. ತಮ್ಮ ಸಹಾಯಕರು ನನ್ನೆದುರು ಕುಳಿತು, ಬೇರೆಯವರ ಭಾವಚಿತ್ರ ನೋಡಿದಾಗ ನನಗೆ ಅಸೂಯೆಯಾಗುತ್ತದೆಯೇ ಎಂದು ಕೇಳಿದರು. ನಾನು ನನ್ನ ಕಣ್ಣುಗಳ ಸಂಗತಿಯನ್ನು ವಿನಯದಿಂದ ನೆನಪಿಸಿದೆ. ಅವರು ತುಸು ಯೋಚಿಸಿ, 'ಕೆಲವೊಮ್ಮೆ' ಎಂದು ಬರೆದುಕೊಂಡರು. ಆಮೇಲೆ ನಮ್ಮನ್ನು ಎರಡು ಗುಂಪು ಮಾಡಿದರು. ದೇವೀಂದ್ರಪ್ಪನ ಗುಂಪು ಆರ್ಕುಟ್ ಎಂಬ ಗೆಳೆತನದ ಜಾಲತಾಣ ಬಳಸಬೇಕು. ನನ್ನ ಗುಂಪು ಅದನ್ನು ಮುಟ್ಟಬಾರದು. ಯಾರು ಸುಖವಾಗಿರುತ್ತಾರೆಂದು ನೋಡುವುದು. ವಿಜ್ಞಾನಕ್ಕಾಗಿ ನಾನು ತ್ಯಾಗ ಮಾಡಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಳಗೆ ಯಂತ್ರ ಕೂಗುತ್ತಿತ್ತು. ನನಗಷ್ಟೇ ಅಲ್ಲ, ಕೆಳಗಿನ ಬಳೆ ಅಂಗಡಿಗೂ ಕೇಳುತ್ತಿತ್ತು.

ದೇವೀಂದ್ರಪ್ಪನಿಗೆ ಜಯದೇವಿ ಎಂಬಾಕೆಯ ಪರಿಚಯವಾದದ್ದು ಆಗ. ಆಕೆಗೂ ದೃಷ್ಟಿಯಿಲ್ಲ. ಆಕೆ ಹೇಳುವುದು, ಆಕೆಯ ತಮ್ಮ ತನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸುವುದು. ನಮ್ಮ ಯಂತ್ರಕ್ಕೆ ಕನ್ನಡ ಬಾರದು. ಅದು ಅಮೆರಿಕದ ದೊರೆಯಂತೆ ಮೂಗಿನಲ್ಲಿ ಓದುತ್ತಿತ್ತು. ಆಕೆ 'ಊಟ ಆಯಿತೇನ್ರಿ' ಎಂದು ಕೇಳಿದ್ದು, ಯಾವುದೋ ಔಷಧಿಯ ಹೆಸರಿನಂತೆ ಹೊರಬರುತ್ತಿತ್ತು. ಒಂದು ದಿನ ಆಕೆಯ ಊರಿನ ಹೆಸರನ್ನು ಅದು 'ಕ್ಯಾಮಲ್ಪರ್' ಎಂದು ಓದಿತು. ಕ್ಯಾಮಲ್ ಎಂದರೆ ಒಂಟೆ. ಹಾಗಾದರೆ ಹುಡುಗಿ ರಾಜಸ್ಥಾನದವಳೆಂದು ನಾನೇ ಬೆಂಚಿನಿಂದ ತೀರ್ಪು ಕೊಟ್ಟೆ. ಒಂಟೆಗಳ ನಾಡಿನಲ್ಲಿ ಒಂಟಿಯಾಗಿ ಬಾಳುವ ಕನ್ನಡತಿಯ ಬಗ್ಗೆ ದೇವೀಂದ್ರಪ್ಪ ಕೆಲವು ದಿನ ಬಹಳ ಮರುಗಿದ.

ಕಡೆಗೊಮ್ಮೆ ಖಮರುದ್ದೀನ್ ಸಾಹೇಬರು ಬಗ್ಗಿ ಪರದೆ ನೋಡಿದರು. "ಒಂಟಿ ಗಿಂಟಿ ಏನಿಲ್ಲಪಾ. ಕಮಲಾಪುರ ಅಂತ ಬರ್ದಾಳ. ನಿಮ್ಮೂರಾಕೀನೇ ಇದ್ದಾಳ."

ಅಂದು ಸಂಜೆ ದೇವೀಂದ್ರಪ್ಪ ಮನೆಗೆ ಹೋಗಿ ತನ್ನ ತಾಯಿ ನೀಲಗಂಗಮ್ಮನನ್ನು ಕೇಳಿದ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳಂತೆ: "ಹೌದು, ಸಂತಿ ಓಣ್ಯಾಗ ಅಂಥಾಕಿ ಒಬ್ಬಾಕಿ ಅದಾಳ. ಮನ್ಯಾಗೇ ಇಟ್ಕೊಂಡಾರ, ನಿನ್ನಂಗ."

ಇಪ್ಪತ್ತೆರಡು ವರ್ಷ ಅವನು ತನ್ನ ಊರಿನಲ್ಲಿ ತನ್ನಂಥವರು ಯಾರೂ ಇಲ್ಲವೆಂದುಕೊಂಡಿದ್ದ. ಮರುದಿನ ಯಾರನ್ನೂ ಕೇಳದೆ ಕೋಲು ಹಿಡಿದು ಹೊರಟ. ದಾರಿ ತಪ್ಪಿ ಇನ್ನಾರದೋ ದನದ ಕೊಟ್ಟಿಗೆ ಹೊಕ್ಕ. ಅಲ್ಲಿಂದ ಹೊರಬಿದ್ದು, ಬಾಳೆಕಾಯಿ ಗಾಡಿಯವನನ್ನು ಕೇಳಿಕೊಂಡು ಸಂತೆ ಓಣಿ ಮುಟ್ಟಿದ. ಜಯದೇವಿಯ ಮನೆಯವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ನಿಂತರಂತೆ.

"ಒಬ್ಬರೇ ಬಂದೀರೇನ್ರೀ?" ಎಂದಳು ಜಯದೇವಿ.

"ಒಬ್ಬನೇ ಬಂದೀನ್ರೀ. ನಡುವ ಗಟಾರದಾಗ ಬಿದ್ದೀನಿ, ಸ್ವಲ್ಪ ದೂರ ಕೂಡ್ರಿ."

ಆಕೆ ನಕ್ಕದ್ದು ಕೇಳಿ ಆಕೆಯ ಅಜ್ಜಿ ಅತ್ತುಬಿಟ್ಟಳಂತೆ. ಮುಂದಿನ ತಿಂಗಳಿಂದ ಜಯದೇವಿಯೂ ಕಲಬುರ್ಗಿಯ ಬಸ್ಸು ಹತ್ತತೊಡಗಿದಳು. ಯಂತ್ರದ ಮೇಲೆ ತಾನೇ ಬರೆಯುವುದನ್ನು ಕಲಿಯಬೇಕೆಂಬುದು ಆಕೆಯ ಹಟ. "ನನ್ನ ತಮ್ಮ ನಡುವ ಕೂತರ, ಮನಸಿನಾಗಿಂದೆಲ್ಲಾ ಹೆಂಗ ಹೇಳೂದ್ರೀ?" ಎಂದು ನನ್ನನ್ನೇ ಕೇಳಿದ್ದಳು. ಈ ಪ್ರಶ್ನೆ ತಮ್ಮ ಪ್ರಶ್ನಾವಳಿಯಲ್ಲಿ ಏಕಿರಲಿಲ್ಲ, ಸ್ವಾಮಿ?

ಈಗ ತಮ್ಮ ವರದಿಗೆ ಬರೋಣ. ಬಳಸುವ ಗುಂಪಿನ ಯುವಕನೊಬ್ಬ 'ಮನೆಯಲ್ಲಿ ಶಾಂತವಾಗಿ ಕುಳಿತಿರುತ್ತಿದ್ದವನು ಊರಿನಲ್ಲಿ ಅಲೆದಾಡತೊಡಗಿದ್ದಾನೆ. ಬಟ್ಟೆ ಕೊಳೆ ಮಾಡಿಕೊಳ್ಳುತ್ತಾನೆ. ಹಿರಿಯರ ಮಾತು ಕೇಳುವುದಿಲ್ಲ' ಎಂದಿದೆ. ಬಳಸದ ಗುಂಪಿನ ಯುವಕನೊಬ್ಬ 'ಬೆಂಚಿನ ಮೇಲೆ ತಾನಾಗಿಯೇ ನಗುತ್ತ ಕುಳಿತಿರುವುದು ಕಂಡುಬಂದಿದೆ' ಎಂದಿದೆ. ಮಾನ್ಯರೇ, ಆ ನಗುವವನು ನಾನು. ನಾನು ನಕ್ಕದ್ದು ಜಾಲದಿಂದ ದೂರವಿದ್ದುದಕ್ಕಲ್ಲ, ಬಾಗಿಲು ತೆರೆದಿದ್ದುದಕ್ಕೆ. ಇಬ್ಬರು ವಿದ್ವಾಂಸರು ನನ್ನೆದುರು ನಿಂತು ನನ್ನ ನಗುವನ್ನು ಬರೆದುಕೊಂಡರು. ಯಾಕೆ ನಗುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬ ಕುರುಡ ಮೊದಲ ಬಾರಿಗೆ ತನ್ನ ಊರಿನ ಓಣಿಯಲ್ಲಿ ತಾನೇ ನಡೆದರೆ ಅದು ರೋಗವೇ? ತಾವು ಬೆಳಿಗ್ಗೆ ಮನೆಯಿಂದ ಕಚೇರಿಗೆ ಹೋಗುವುದನ್ನೂ ಅಲೆದಾಟವೆಂದೇ ಕರೆಯುತ್ತೀರಾ?

ವರದಿ ಬಂತು, ಬೀಗ ಬಿತ್ತು. ಯಂತ್ರಗಳೇ ಇಲ್ಲದ ಮೇಲೆ ಕಲಬುರ್ಗಿಗೆ ಯಾಕೆಂದು ಜಯದೇವಿಯನ್ನು ಮನೆಯವರು ಬಿಡಿಸಿದ್ದಾರೆ. ತಮ್ಮನ ಅಂಗಡಿಯೂ ಮುಚ್ಚಿದೆ. ದೇವೀಂದ್ರಪ್ಪ ದಿನವೂ ಆಕೆಯ ಮನೆಗೆ ಹೋಗುವಂತಿಲ್ಲ, ಊರು ಮಾತಾಡುತ್ತದೆ. ಹೋದ ವಾರ ಹೋದಾಗ, ತನ್ನ ಬಗ್ಗೆ ವರದಿಯಲ್ಲಿ ಏನು ಬರೆದಿದ್ದಾರೆಂದು ಆಕೆ ಕೇಳಿದಳಂತೆ. ನನ್ನ ತಾಯಿ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದರು. ಜಯದೇವಿ ಅದರಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಬೀಗ ತೆಗೆಸಿ. ಅಧ್ಯಯನವನ್ನು ಇನ್ನೊಮ್ಮೆ ಮಾಡುವುದಿದ್ದರೆ ಖಂಡಿತ ಮಾಡಿ, ನಾವು ಬರುತ್ತೇವೆ. ಆದರೆ ಶುರುವನ್ನು ಕಮಲಾಪುರದ ಸಂತೆ ಓಣಿಯಿಂದ ಮಾಡಿ. ಬಾಗಿಲು ಬಡಿಯಿರಿ, ಒಳಗಿರುವವಳನ್ನು ಮಾತಾಡಿಸಿ, ಆಕೆ ಹೇಳಿ ಮುಗಿಸುವವರೆಗೆ ಕಾಯಿರಿ.

ಇಂತಿ,
ಸದ್ಯಕ್ಕೆ ತಾಯಿಯ ಕೈಯಲ್ಲಿ ಬರೆಸುತ್ತಿರುವ, ಆದ್ದರಿಂದ ಬೈಯಬೇಕಾದಷ್ಟು ಬೈಯಲಾಗದ,
ನರಸಿಂಹ
ಬ್ರಹ್ಮಪುರ, ಕಲಬುರ್ಗಿ