ತೇವಕಣಕ್ಕೆ ದೀಪ ಬೇಡ

ಮಳೆ ನಿಂತ ಇನ್ನೂರ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ
ಒಳಗೇರಿ, ಕೆಳಗಿನ ಗವಿ

ನನ್ನ ನಂತರ ಹುಟ್ಟುವವರಿಗೆ,

ನಿಮ್ಮ ಹೊತ್ತಿಗೆ ನಮ್ಮ ಮಾತು ಎಷ್ಟು ಬದಲಾಗಿರುತ್ತದೋ ತಿಳಿಯದು. ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಹಳೆಯ ಕವಿತೆಗಳಲ್ಲಿ ‘ಮುಂಗಾರು’ ಎಂಬ ಪದ ಬಂದಾಗಲೆಲ್ಲ ನಾನೂ ಹೀಗೇ ತಡವರಿಸುತ್ತೇನೆ; ಅರ್ಥ ಗೊತ್ತು, ಮೈಗೆ ಗೊತ್ತಿಲ್ಲ. ಆದ್ದರಿಂದ ನಮ್ಮ ಪದಗಳನ್ನು ಬಿಡಿಸಿ ಬರೆಯುತ್ತೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದನ್ನೂ ಮನ್ನಿಸಿ.

ಒಳಗೇರಿ ಎಂದರೆ ಸುಣ್ಣಕಲ್ಲಿನ ಗುಡ್ಡದ ಹೊಟ್ಟೆಯಲ್ಲಿ ನಾವು ನಲವತ್ತು ಮನೆಯವರು ಬದುಕುವ ಊರು. ಹೊರಗಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಹೊತ್ತನ್ನು ಎಣ್ಣೆಯಲ್ಲಿ ಅಳೆಯುತ್ತೇವೆ. ಒಂದು ಹಣತೆ ಉರಿದು ಮುಗಿಯುವಷ್ಟು ಕಾಲಕ್ಕೆ ‘ಒಂದೆಣ್ಣೆ’ ಎನ್ನುತ್ತೇವೆ. ನೀರು ಗೋಡೆಗಳಿಂದ ಜಿನುಗುತ್ತದೆ. ಅಲ್ಲಿ ಬಟ್ಟೆ ಕಟ್ಟಿ, ನೆನೆದ ಮೇಲೆ ಹಿಂಡಿ, ಮನೆಮನೆಗೆ ಹಂಚುವವನು ನೀರುಗಾರ. ಈಗಿನ ನೀರುಗಾರ ಮಲಕಪ್ಪ. ಮಗು ಹುಟ್ಟಿದ ಹತ್ತನೆಯ ದಿನ ಪ್ರತಿ ಮನೆಯವರೂ ಒಂದೊಂದು ದೀಪ ತಂದು ಅದರ ಮುಖಕ್ಕೆ ಹಿಡಿಯುತ್ತಾರೆ. ಇದನ್ನು ದೀಪತೋರಿಕೆ ಎನ್ನುತ್ತೇವೆ. ಆಮೇಲೆಯೇ ಮಗುವಿನ ಪಾಲಿನ ನೀರು ಶುರುವಾಗುತ್ತದೆ. ಜೀವಗಳು ಅಪರೂಪವಾಗುತ್ತ ಬಂದಂತೆ ಈ ಪದ್ಧತಿ ಕಂಡ ಜೀವಕ್ಕೆಲ್ಲ ಹಬ್ಬಿತು. ಹೋದ ವರ್ಷ ಗವಿಯ ಬಾಯಲ್ಲೊಂದು ಜೇಡ ಕಂಡಾಗಲೂ ನಲವತ್ತು ದೀಪ ಬಂದವು. ಅದರ ಪಾಲಿಗೆ ದಿನಕ್ಕೊಂದು ಹನಿ ಗೊತ್ತು ಮಾಡಿದರು. ದೀಪ ಕಾಣದ್ದು ನಮ್ಮವರ ಪಾಲಿಗೆ ಹುಟ್ಟಿಯೇ ಇಲ್ಲ.

ನನ್ನ ಕೆಲಸ ಜೀವಪಟ್ಟಿ, ಅಂದರೆ ಕಂಡ ಜೀವಗಳ ಮತ್ತು ಅವಕ್ಕೆ ತೋರಿಸಿದ ದೀಪಗಳ ಲೆಕ್ಕ, ಬರೆಯುವುದು. ಒಂಬತ್ತು ದಿನಗಳ ಹಿಂದೆ, ಒಬ್ಬರು ಮಾತ್ರ ತೆವಳಬಹುದಾದ ಸಂದಿಯ ಕೊನೆಯಲ್ಲಿ, ಎರಡು ಅಂಗೈ ಅಗಲದ ಒದ್ದೆ ಗೋಡೆಯ ಮೇಲೆ ಅವನ್ನು ಕಂಡೆ. ಬಸವನಹುಳುಗಳು. ಗಸಗಸೆ ಕಾಳಿಗಿಂತ ತುಸುವೇ ದೊಡ್ಡವು. ಐದು ಸುತ್ತಿನ ಚಿಪ್ಪು ಹಾಲು ಬೆರೆತ ಗಾಜಿನಂತಿದೆ. ಒಳಗಿನ ಕರುಳು ಕಪ್ಪು ನೂಲೆಳೆಯಾಗಿ ಕಾಣುತ್ತದೆ. ಚಿಪ್ಪಿನ ಬಾಯಿಯ ಅಂಚು ದಪ್ಪ, ಅದರೊಳಗೆ ಹಲ್ಲಿನಂಥ ಎರಡು ಉಬ್ಬು. ಕೊಂಬುಗಳಿವೆ, ಕಣ್ಣಿಲ್ಲ, ಕಣ್ಣಿರಬೇಕಾದ ಜಾಗದಲ್ಲಿ ಗುರುತೂ ಇಲ್ಲ. ಒಂದು ಉಗುರಿನಷ್ಟು ದೂರ ದಾಟಲು ಅದಕ್ಕೆ ಒಂದೆಣ್ಣೆ ಬೇಕು. ಬದುಕುವುದು ಕೂದಲಿನಷ್ಟು ತೆಳುವಾದ ನೀರಿನ ಪೊರೆಯಲ್ಲಿ. ತೇವಕಣ ಎಂದು ಹೆಸರಿಟ್ಟೆ. ಹತ್ತೊಂಬತ್ತು ಇದ್ದವು. ಖುಷಿ ತಡೆಯಲಾಗದೆ ಅವತ್ತೇ ಊರಿಗೆಲ್ಲ ಹೇಳಿಬಿಟ್ಟೆ.

ಮರುದಿನ, ಸರಿಯಾಗಿ ವರ್ಣಿಸಬೇಕೆಂಬ ಆಸೆಗೆ, ಹಣತೆಯನ್ನು ಗೋಡೆಯ ಹತ್ತಿರ ಹಿಡಿದು ಕೂತೆ. ಎರಡೆಣ್ಣೆ ಕಳೆಯುವಷ್ಟರಲ್ಲಿ ದೀಪದ ಬದಿಯ ಗೋಡೆ ಒಣಗಿತು. ಮೂರು ಚಿಪ್ಪುಗಳು ಸದ್ದಿಲ್ಲದೆ ಉದುರಿದವು. ಹಲ್ಲಿನಂಥ ಉಬ್ಬುಗಳ ಬಗ್ಗೆ ಬರೆದೆನಲ್ಲ, ಅದು ನನಗೆ ತಿಳಿದದ್ದು ಹಾಗೆ.

ಇವತ್ತು ದೀಪತೋರಿಕೆ. ನನ್ನದೊಂದು ಹಣತೆ ಮೂರನ್ನು ಕೊಂದಿತು, ಬರುವುದು ನಲವತ್ತು. ನಿನ್ನೆ ಸಭೆಯಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡು, ಬರಿಗೈಯಲ್ಲಿ ಬನ್ನಿ ಎಂದು ಬೇಡಿಕೊಂಡೆ. ಕೆಲವರು ನಕ್ಕರು. ಕಣ್ಣಿಲ್ಲದ್ದಕ್ಕೆ ಬೆಳಕಿನ ಹೆದರಿಕೆ ಎಲ್ಲಿಂದ ಬಂತು ಎಂದು ಛೇಡಿಸಿದರು. ಮಲಕಪ್ಪ ನಗಲಿಲ್ಲ. ಬರುವ ತಿಂಗಳು ಎರಡು ಬಾಣಂತನಗಳಿವೆ, ಅವನಿಗೆ ಹೊಸ ಗೋಡೆ ಬೇಕು.

“ಅಕ್ಕಾರ, ಗಸಗಸಿ ಕಾಳಿಗೆ ಪಾಲು ಕೊಡಾಕ ನಂದೇನು ತಕರಾರಿಲ್ಲ,” ಎಂದ. “ದೀಪಾ ತೋರಸ್ರಿ, ಆ ಗ್ವಾಡಿ ಅವಕ್ಕ ಬಿಡ್ತೀನಿ. ತೋರಸಲಿಲ್ಲಂದ್ರ ನಾಳಿಂದ ಅಲ್ಲೂ ಬಟ್ಟಿ ಕಟ್ಟತೀನಿ.”

ಎಲ್ಲ ತೋರಿಕೆಗಳಲ್ಲೂ ಮೊದಲ ದೀಪ ಹಿಡಿಯುವವಳು ನನ್ನ ಗಂಡನ ಅಕ್ಕ ದುಂಡವ್ವ. ಅವಳು ನನ್ನನ್ನೇ ನೋಡುತ್ತಿದ್ದಳು.

“ಮಾರಿ ನೋಡಲಾರದ ಹ್ಯಾಂಗ ನಮ್ಮದು ಅನ್ನೂದವಾ?”

ಬೆರಳಿನಿಂದ ಗೋಡೆಯ ಅಂಚು ಮುಟ್ಟಿದರೆ ಸಾಕು, ಆ ಒದ್ದೆಯೇ ಅವುಗಳ ಮುಖವೆಂದು ತಿಳಿಯಿರಿ ಎಂದೆ. ದುಂಡವ್ವ ಎದ್ದು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ನಾ ಬರಿಗೈಲೆ ಬರ್ತೀನಿ. ಉಳದವ್ರದು ನನ್ ಕೇಳಬ್ಯಾಡ,” ಎಂದಳು.

ಸಂದಿಯ ಬಾಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಜನ ಬರಲು ಅರ್ಧ ಎಣ್ಣೆಯೂ ಉಳಿದಿಲ್ಲ. ಅವರು ಕೆಟ್ಟವರಲ್ಲ, ನನ್ನ ಭಯ ಇರುವುದೇ ಅಲ್ಲಿ. ಸಿಟ್ಟಿನಿಂದ ಬಂದಿದ್ದರೆ ಜಗಳವಾಡಿ ತಡೆಯುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ತಮ್ಮ ಪಾಲಿನ ಎಣ್ಣೆ ಸುರಿದು, ಹೊಸ ಕೂಸನ್ನು ನೋಡುವ ಆಸೆಯಿಂದ ಬರುತ್ತಾರೆ. ಮೇಲಿನ ತಿರುವಿನಲ್ಲಿ ಆಗಲೇ ಬೆಳಕು ಕಾಣುತ್ತಿದೆ. ಎಷ್ಟು ದೀಪಗಳೋ ಎಣಿಸಲು ಧೈರ್ಯವಾಗುತ್ತಿಲ್ಲ. ನನ್ನ ಹಣತೆ ಆರಿಸಿ ಸಂದಿಯೊಳಗೆ ಮಲಗುತ್ತೇನೆ. ನನ್ನ ಮೈ ಅದನ್ನು ತುಂಬುತ್ತದೆ. ಕಾಲು ಹಿಡಿದು ಎಳೆಯದೆ ಯಾರೂ ದೀಪ ಒಯ್ಯಲಾರರು. ಎಳೆಯುವುದಿಲ್ಲ ಎಂದು ಹೇಳಲಾರೆ.

ಈ ಕಾಗದವನ್ನು ಇಲ್ಲೇ ಕಲ್ಲಿನಡಿ ಇಡುತ್ತೇನೆ. ಓದುವಾಗ ನಿಮ್ಮ ಕೈಯಲ್ಲಿ ದೀಪವಿರುತ್ತದೆ. ಅದನ್ನು ಹೊರಗೆ ಬಿಟ್ಟು ಕತ್ತಲಲ್ಲಿ ತೆವಳಿ ಹೋಗಿ, ಕೊನೆಯ ಗೋಡೆಯ ಅಂಚಿಗೆ ಒಂದು ಬೆರಳು ಮುಟ್ಟಿಸಿ. ಒಣಗಿದ್ದರೆ, ಮೇಲೆ ಬರೆದಷ್ಟೇ ತೇವಕಣ; ಇನ್ನೇನೂ ಉಳಿದಿಲ್ಲ. ಒದ್ದೆಯಿದ್ದರೆ ನೋಡುವ ಆಸೆ ಬಿಡಿ. ಹಿಂದಕ್ಕೆ ತೆವಳಿ ಬಂದು, ನಲವತ್ತು ದೀಪ ತೋರಿಸಿದೆವು ಎಂದು ಪಟ್ಟಿಯಲ್ಲಿ ಸುಳ್ಳು ಬರೆಯಿರಿ.

ನಿಮ್ಮ,
ಜೀವಪಟ್ಟಿಯ ಸಿದ್ದಲಿಂಗವ್ವ