ತೇಗುವ ಹಡಗು

ಹಡಗಿನ ಕೆಳ ಅಂತಸ್ತು, ಜುಲೈ ಹನ್ನೊಂದು

ನನ್ನ ಮೇಲೆ ಮುನಿದು ತಂಗಿಯ ಮನೆ ಸೇರಿರುವ ವಿನ್ನೀಗೆ, ಮುದಿ ಗಂಡನ ಪ್ರೀತಿ, ಒಂದು ಮುತ್ತು, ಎರಡು ಕೆಮ್ಮು.

ನಾನಿನ್ನೂ ಸತ್ತಿಲ್ಲ. ಆದರೆ ಇಲ್ಲಿ ಹೇಸಿಗೆಯಿಂದಲೇ ಸಾಯುವ ಲಕ್ಷಣಗಳು ಕಾಣುತ್ತಿವೆ. ಈ ಹಡಗನ್ನು ತೇಲುವ ಊರು ಎನ್ನುತ್ತಾರೆ. ಸುಳ್ಳು, ಇದು ತೇಗುವ ಊರು. ಕಡಲು ನೋಡಲು ಬಂದವರಲ್ಲ ಇವರು, ಒಡಲು ತುಂಬಲು ಬಂದವರು. ತಟ್ಟೆಯಲ್ಲಿ ಗುಡ್ಡ ಕಟ್ಟುತ್ತಾರೆ, ಅರ್ಧ ಕೆದಕಿ ಎದ್ದು ಹೋಗುತ್ತಾರೆ. ನಿನ್ನೆ ಒಬ್ಬಾಕೆ, ಮುಟ್ಟದೇ ಬಿಟ್ಟ ಸಾಲ್ಮನ್ ತುಂಡಿನ ಮೇಲೆ ಜಗಿದ ಚೂಯಿಂಗ್ ಗಮ್ ಅಂಟಿಸಿ ಎದ್ದಳು. ಮೀನಿನ ಮುಳ್ಳನ್ನೂ ಮರ್ಯಾದೆಯಿಂದ ನೀರಿಗೆ ಮರಳಿಸುವ ಮನೆಯಲ್ಲಿ ಬೆಳೆದವನು ನಾನು.

ಪ್ರವಾಸಿಗರನ್ನು ರಂಜಿಸುವ ಈ ಕೆಲಸಕ್ಕೆ ಸಹಿ ಹಾಕಿದ ದಿನ ನೀನು ಬಟ್ಟೆ ಗಂಟು ಕಟ್ಟುತ್ತಾ, "ಹೋಗು, ಕುಣಿಯೋ ಕರಡಿ! ಅವ್ರು ಚಪ್ಪಾಳೆ ತಟ್ಟಿದ್ರೆ ಬಾಲ ಅಲ್ಲಾಡ್ಸು" ಅಂದೆ. ಕರಡಿಗೆ ಅಲ್ಲಾಡಿಸುವಷ್ಟು ಬಾಲ ಇರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ನಿಜವಾದ ಕಾರಣವನ್ನೂ ಹೇಳಬೇಕಿತ್ತು. ಈಗ ಹೇಳುತ್ತೇನೆ, ಕೂತುಕೋ.

ನಿನ್ನ ಅಣ್ಣ ರೂಬೆನ್ ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು, "ಭಾವ, ನನ್ನ ಎಡೆ ಊರಲ್ಲಿ ಸುಡಬೇಡ. ನಮ್ಮಜ್ಜಿ ಹುಟ್ಟಿದ ಕೊಲ್ಲೀಗೆ, ಆ ಹಿಮದ ಗೋಡೆ ಮುಂದಕ್ಕೆ ತಗೊಂಡ್ಹೋಗು. ಇಲ್ಲಿ ಸುಟ್ರೆ ಹೊಗೆ ದಾರಿ ತಪ್ಪತ್ತೆ" ಅಂದ. ಸತ್ತವರಿಗೆ ಇಷ್ಟವಾದದ್ದನ್ನು ಬೆಂಕಿಗಿಟ್ಟು ಹೆಸರು ಕರೆದರೆ ಮಾತ್ರ ಅದು ಅವರಿಗೆ ಮುಟ್ಟುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕೇ? ವರ್ಷವಾಯಿತು, ಅವನು ಹಸಿದೇ ಇದ್ದಾನೆ. ನಿಮ್ಮ ಹದ್ದಿನ ಬಣದವರು ಸತ್ತರೆ ಮುಂದಿನ ಕೆಲಸ ನಮ್ಮ ಕಾಡುಕಾಗೆ ಬಣದ್ದು. ಅಂದರೆ ನನ್ನದು. ನನ್ನ ದೋಣಿಯ ಎಂಜಿನ್ ನನಗಿಂತ ಮೊದಲೇ ತೀರಿಕೊಂಡಿದೆ. ಈ ಹಡಗು ಹಿಮದ ಬುಡಕ್ಕೇ ಹೋಗುತ್ತದೆ. ಅದಕ್ಕೇ ಹತ್ತಿದೆ. ಹೇಳಿದ್ದರೆ ನೀನು ಅಳುತ್ತಿದ್ದೆ. ನಿನ್ನ ಅಳು ನೋಡುವುದಕ್ಕಿಂತ ಬೈಗುಳ ಕೇಳುವುದು ನನಗೆ ಸುಲಭ.

ರೂಬೆನ್‌ಗೆ ಇಷ್ಟವಾದ ಒಣಮೀನು, ಹೆರಿಂಗ್ ಮೀನಿನ ಮೊಟ್ಟೆ, ಒಂದು ಶೀಶೆ ಸೀಲ್ ಎಣ್ಣೆ, ಎಲ್ಲವನ್ನೂ ಉಣ್ಣೆಯ ಕಾಲುಚೀಲಗಳಲ್ಲಿ ತುಂಬಿಕೊಂಡು ಬಂದೆ. ನನ್ನ ಕೋಣೆಯಲ್ಲಿ ಮಲಗುವ ಪಿಟೀಲಿನವನು ಮೂಗು ಮುಚ್ಚಿಕೊಂಡು, "ಅಜ್ಜಾ, ಕಾಲು ತೊಳೀರಿ" ಅಂದ. ಎರಡು ಸಲ ತೊಳೆದೆ. ಪಾಪ, ಅವನಿಗೇಕೆ ಬೇಸರ.

ಇವತ್ತು ಹಿಮದ ಮುಂದೆ ಹಡಗು ನಿಂತಿತು. ಮನರಂಜನೆಯ ಉಸ್ತುವಾರಿ ಟ್ರೆವರ್ ಎಂಬವನು ನನ್ನ ಕೊರಳಪಟ್ಟಿಗೆ ಮೈಕ್ ಸಿಕ್ಕಿಸಿ, "ಇಗೋ, ಅಪ್ಪಟ ಟ್ಲಿಂಗಿಟ್ ಬುಡಕಟ್ಟಿನ ಅಜ್ಜ! ಅಲಾಸ್ಕದ ಜೀವಂತ ಇತಿಹಾಸ!" ಎಂದು ಕೂಗಿದ. "ಸತ್ತ ಮೇಲೆ ಏನಾಗ್ತೀನಪ್ಪಾ, ಭೂಗೋಳವಾ?" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಹಿಮದ ಕಡೆ ತಿರುಗಿ "ಬೀಳು! ಬೀಳು!" ಎಂದು ಅರಚುತ್ತಿದ್ದರು. ನಿಮ್ಮಜ್ಜಿ ಅದರ ಮುಂದೆ ಸೀನಬೇಕಾದರೂ ಕ್ಷಮೆ ಕೇಳುತ್ತಿದ್ದರು, ನೆನಪಿದೆಯೇ? ಒಂದು ಗೋಡೆ ಕಳಚಿ ಬಿತ್ತು. ಚಪ್ಪಾಳೆ, ಶಿಳ್ಳೆ. ತೇಲುವ ಮಂಜಿನ ಮೇಲೆ ಮಲಗಿದ್ದ ಸೀಲ್ ಮರಿಗಳು ಬೆದರಿ ನೀರಿಗುರುಳಿದವು. ಒಬ್ಬ, "ಇಷ್ಟೇನಾ?" ಅಂದ. ಇನ್ನೊಬ್ಬ ಬಿದ್ದ ಮಂಜಿನ ಚೂರನ್ನು ವಿಸ್ಕಿಗೆ ಹಾಕಿಸಿಕೊಂಡು, "ಸಾವಿರಾರು ವರ್ಷ ಹಳೇದು ಕಣ್ರೀ!" ಎಂದು ಚೀಪಿದ. ನನಗೂ ಸಾಕಷ್ಟು ವಯಸ್ಸಾಗಿದೆ, ಸದ್ಯ ನನ್ನನ್ನು ಚೀಪಲಿಲ್ಲ.

ಮೇಲಿನ ಅಟ್ಟದಲ್ಲಿ ಸಾಸೇಜು ಸುಡುವ ಬಯಲು ಒಲೆ ಉರಿಯುತ್ತಿತ್ತು. ಇಡೀ ಹಡಗಿನಲ್ಲಿ ನನಗೆ ಕಂಡ ಬೆಂಕಿ ಅದೊಂದೇ. ಆ ಹಂದಿಕೊಬ್ಬಿನ ಹೊಗೆಯ ಮಧ್ಯೆ ರೂಬೆನ್‌ಗೆ ಎಡೆ ಇಡಬೇಕಲ್ಲ ಎಂದು ಹಿಂದೆಮುಂದೆ ನೋಡಿದೆ. ಆದರೂ ಕಾಲುಚೀಲ ಕೊಡವಿ ಎಲ್ಲವನ್ನೂ ಕೆಂಡಕ್ಕೆ ಸುರಿದೆ. ಅಡುಗೆಯವನು, "ಅಯ್ಯೋ ಅಜ್ಜಾ, ಇದು ಇವತ್ತಿನ ಅಡುಗೇಲಿಲ್ಲ!" ಎಂದು ಓಡಿಬಂದ. "ಸತ್ತವನ ಎಡೆ ಕಣಪ್ಪಾ, ಹೆಸ್ರು ಕರೆದು ಸುಡ್ಬೇಕು" ಎಂದೆ. ಸೀಲ್ ಎಣ್ಣೆ ಬಿದ್ದದ್ದೇ ಜ್ವಾಲೆ ಆಳೆತ್ತರಕ್ಕೆ ಎದ್ದಿತು. ಬಾಗಿ ನಿಂತು ನನ್ನ ಕೆಲಸ ಮುಗಿಸಿದೆ.

ತಿರುಗಿ ನೋಡಿದರೆ ನೂರು ಫೋನುಗಳು. ಚಪ್ಪಾಳೆಯೋ ಚಪ್ಪಾಳೆ. ಒಬ್ಬ ತಟ್ಟೆ ಹಿಡಿದು ಬಂದು, "ಇದಕ್ಕೆ ಸಾಸ್ ಹಾಕ್ತೀರೋ, ನಿಂಬೆಹಣ್ಣೋ?" ಎಂದು ಕೇಳಿದ. ಟ್ರೆವರ್ ನನ್ನನ್ನು ತಬ್ಬಿಕೊಂಡು, "ಅಜ್ಜಾ, ಸೂಪರ್! ಇನ್ಮೇಲೆ ಪ್ರತಿ ಪ್ರಯಾಣದಲ್ಲೂ ಇದು ಇರ್ಲಿ. ಸತ್ತೋರ ಹೆಸ್ರು ಜನ್ರೇ ಕೊಡ್ಲಿ, ನೀವು ಕೂಗಿ" ಅಂದ. ಅಷ್ಟರಲ್ಲೇ ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ ತನ್ನ ನಾಯಿಯ ಹೆಸರು ಹೇಳಿದಳು. ಬಿಸ್ಕೆಟ್ ಅಂತೆ.

"ಮೊದಲು ನಿನ್ನ ಹೆಸ್ರು ಕೊಡಪ್ಪಾ" ಎಂದೆ ಟ್ರೆವರ್‌ಗೆ.

"ನಾನಿನ್ನೂ ಬದುಕಿದೀನಲ್ಲ ಅಜ್ಜಾ!"

"ದಡ ಇನ್ನೂ ದೂರ ಇದೆ ಮಗಾ."

ಅವನು ನಕ್ಕ. ಆಮೇಲಿಂದ ನನ್ನ ಜೊತೆ ಹಡಗಿನ ಅಂಚಿನ ಕಟಕಟೆಯ ಹತ್ತಿರ ನಿಲ್ಲುತ್ತಿಲ್ಲ.

ನಾಳೆ ಊರಿನಲ್ಲಿ ಇಳಿದುಬಿಡುತ್ತೇನೆ, ಮತ್ತೆ ಹತ್ತುವುದಿಲ್ಲ. ಬಂದ ಕೆಲಸ ಮುಗಿಯಿತು. ನೀನೂ ಕೋಪ ಮುಗಿಸಿ ಮನೆಗೆ ಬಾ. ಬೈಯುವವರಿಲ್ಲದೆ ಮನೆ ಬಿಕೋ ಎನ್ನುತ್ತದೆ.

ಇಂತಿ, ಬಾಲವಿಲ್ಲದ ನಿನ್ನ ಕರಡಿ,
ಓಟಿಸ್

ಮತ್ತೆ ಬರೆದದ್ದು: ಕೆಲಸ ಮುಗಿಯಿತು ಎಂದು ಬರೆದೆನಲ್ಲ, ಮುಗಿದಿಲ್ಲ. ಕೊರಳಪಟ್ಟಿಯ ಮೈಕ್ ಇನ್ನೂ ಜೀವಂತವಾಗಿತ್ತು. ನಾನು ಕೆಮ್ಮಿದರೆ ಹಡಗಿನ ಬಾರಿನಲ್ಲಿ, ಕಕ್ಕಸಿನಲ್ಲಿ ಕೂಡ ಕೇಳುತ್ತಿತ್ತು. ರೂಬೆನ್ ಎಂಬ ಚರ್ಚಿನ ಹೆಸರು ಸಾಕಾಗಿದ್ದರೆ ಕೂಗಿಬಿಡುತ್ತಿದ್ದೆ. ಎಡೆ ಮುಟ್ಟುವುದು ನಿಮ್ಮ ಮನೆತನ ಕೊಟ್ಟ ಹೆಸರಿಗೆ. ಅದನ್ನು ಆ ಕಕ್ಕಸಿನೊಳಗೆ ಹೇಗೆ ಬಿಡಲಿ? ನುಂಗಿಕೊಂಡೆ. ಮೀನು ಸುಮ್ಮನೆ ಸುಟ್ಟುಹೋಯಿತು. ನಿನ್ನ ಅಣ್ಣ ಈಗಲೂ ಹಸಿದಿದ್ದಾನೆ, ವಿನ್ನೀ. ಅವನ ದೋಣಿಯನ್ನು ನೀನು ಯಾರಿಗೂ ಮುಟ್ಟಗೊಡುವುದಿಲ್ಲ. ಅದನ್ನು ನಿನ್ನಲ್ಲಿ ಕೇಳುವ ಧೈರ್ಯ ಸಾಲದೆ ಈ ಹೇಸಿಗೆಯನ್ನು ಹತ್ತಿದ್ದೆ. ಈಗ ಕೇಳುತ್ತಿದ್ದೇನೆ. ಇಬ್ಬರೂ ಹೋಗೋಣ. ಬೆಂಕಿ ನಾನು ಹಚ್ಚುತ್ತೇನೆ, ಹೆಸರು ನೀನು ಕರೆ. ಕೂಗುವುದೇನೂ ಬೇಡ, ಮೆಲ್ಲಗೆ ಕರೆದರೂ ಅವನಿಗೆ ಕೇಳಿಸುತ್ತದೆ.