ಕೊಯ್ಯದೆ ಬಿಟ್ಟ ಎರಡು ಟೈರು

ಮೇ ೬, ಬೆಳಿಗ್ಗೆ ಹನ್ನೊಂದು

ಹಾಸ್ಟೆಲ್ ಎರಡು, ಕ್ಯಾಂಟೀನ್ ಮೂರು, ಆಸ್ಪತ್ರೆ ಅಡುಗೆಮನೆ ಒಂದು. ಒಂಬತ್ತು ಡ್ರಮ್ಮು ಎಂಜಲು. ಹಂದಿ ಫಾರ್ಮಿನ ಏರಿನಲ್ಲಿ ಗಾಡಿ ಮತ್ತೆ ಜಾರಿತು. ಅದೇ ಕ್ವಾರಿ ತಿರುವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರು ನಿಂತ ಗುಂಡಿ. ಚಕ್ರ ಮುಂದಕ್ಕೆ ಸುತ್ತುತ್ತದೆ, ಗಾಡಿ ಹಿಂದಕ್ಕೆ ಬರುತ್ತದೆ... ಒಂದು ಡ್ರಮ್ಮಿನ ಮುಚ್ಚಳ ಹಾರಿ ಹಳಸಿದ ಅನ್ನದ ನೀರೆಲ್ಲ ಹಿಂದಿನ ಗಾಜಿಗೆ.

ವಾಸನೆಗೆ ನನಗೇನೂ ಅನ್ನಿಸುವುದಿಲ್ಲ. ಹನ್ನೆರಡು ವರ್ಷವಾಯಿತು. ಅಸಹ್ಯವಾಗುವುದು ಟೈರು ನೋಡಿದಾಗ. ಪಿಕಪ್‌ಗೆ ಹಾಕಿಸಿ ಐದು ವರ್ಷ. ನಾಲ್ಕೂ ಬೋಳು. ಮಳೆ ಹಿಡಿಯುವ ಮೊದಲು ಬದಲಿಸಬೇಕು. ಇಲ್ಲದಿದ್ದರೆ ಆ ಗುಂಡಿಯೇ ಗತಿ.

ಮೇ ೮

ಟೈರು ಬೇಕು ಎಂದು ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪು. ಮೊಣಕಾಲಿನ ಆಪರೇಷನ್ ಆದಾಗಿನಿಂದ ನಮ್ಮ ಯಜಮಾನರು ಸೋಫಾ ಬಿಟ್ಟಿಲ್ಲ. ಈಗ ಮೊಬೈಲಿನಲ್ಲಿ ಮೂರು ಹೊತ್ತೂ ಟೈರಿನ ವಿಡಿಯೋ. ಯಾವನೋ ಗಡ್ಡದವನು ಗಾಡಿಯನ್ನು ಹೊಳೆಗಿಳಿಸಿ ಕಿರುಚುತ್ತಾನೆ. ಇವರಿಗೆ ಇಲ್ಲಿ ರೋಮಾಂಚನ.

"ಮಡ್ ಟೈರೇ ಹಾಕ್ಸು. ನೋಡಿಲ್ಲಿ, ಹೆಂಗೆ ಕಿತ್ಕೊಂಡು ಹೋಗುತ್ತೆ!"

"ನಾನೇನು ಹೊಳೇಲಿ ಹೋಗ್ತೀನಾ? ಅರ್ಧ ದಾರಿ ಟಾರು ರೀ. ಟಾರಲ್ಲಿ ಅದು ಗುಂಯ್ ಅಂತ ತಲೆ ತಿನ್ನುತ್ತೆ. ಬೇಗ ಸವೆಯುತ್ತೆ ಬೇರೆ."

"ಹಾಗಾದ್ರೆ ರೋಡ್ ಟೈರು."

"ಮಳೇಲಿ ಆ ಏರು ನಿಮ್ಮಪ್ಪ ಹತ್ತಿಸ್ತಾರಾ?"

"ಹಾಗಾದ್ರೆ ನಿನ್ನಿಷ್ಟ," ಎಂದು ಮುಖ ಊದಿಸಿಕೊಂಡರು. ಟಾರಿಗೂ ಆಗಬೇಕು, ಕೆಸರಿಗೂ ಆಗಬೇಕು, ಆಲ್ ಟೆರೇನೇ ಬೇಕು... ಇದನ್ನೇ ತಾನೆ ನಾನು ಎರಡು ದಿನದಿಂದ ಬಡಕೊಳ್ಳುತ್ತಿರುವುದು. ಕಿವಿಯಿದ್ದರಲ್ಲವೇ.

ಮೇ ೯, ಮಧ್ಯಾಹ್ನ

ದೊಡ್ಡ ಟೈರ್ ಅಂಗಡಿ. ಗಾಜಿನ ಬಾಗಿಲು, ಒಳಗೆ ಏಸಿ. ಕಾಲಿಟ್ಟ ಕೂಡಲೇ ಸಾಹುಕಾರ ಮೂಗಿಗೆ ಕರ್ಚೀಫು ಹಿಡಿದ. ಹಿಡಿಯಲಿ. ಆಮೇಲೆ ನನ್ನ ಹೆಗಲಾಚೆ ಬಾಗಿಲು ನೋಡಿದ.

"ಸಾರ್ ಬಂದಿಲ್ವಾ ಮೇಡಂ?"

"ಸಾರ್ ಸೋಫಾದಲ್ಲಿದಾರೆ. ಗಾಡಿ ಓಡ್ಸೋದು ನಾನು."

ಅಕ್ಷರವೆಲ್ಲ ಬೆಳ್ಳಗಿರುವ ಒಂದು ದಪ್ಪ ಟೈರು ಉರುಳಿಸಿಕೊಂಡು ಬಂದ. ಕಿವಿಯಲ್ಲಿ ಬೆರಳು ಆಡಿಸಿ, ಅದೇ ಬೆರಳಿನಿಂದ ಟೈರು ಸವರಿ, "ರೇಷ್ಮೆ ಮೇಡಂ, ರೇಷ್ಮೆ!" ಎಂದ. ಥೂ. ಎಂಜಲು ಸಾಗಿಸುವವಳು ನಾನು, ನನಗೇ ವಾಕರಿಕೆ ಬಂತು.

ಬಗ್ಗಿ ಪಕ್ಕದ ಅಂಕಿ ಓದಿದೆ. ಭಾರದ ನಂಬರು ಕಾರಿನದು. ನನ್ನ ಒಂಬತ್ತು ಡ್ರಮ್ಮು ಕೂತರೆ ಹಪ್ಪಳವಾಗುತ್ತದೆ. ತಯಾರಾದ ವಾರ, ವರ್ಷ ಇರುವ ನಾಲ್ಕು ಅಂಕಿಯ ಮೇಲೆ ದಪ್ಪಗೆ ಪಾಲಿಶ್ ಮೆತ್ತಿದ್ದ. ಉಗುರಿನಿಂದ ಕೆರೆದೆ. ಗೋಡೌನಿನಲ್ಲೇ ನಾಲ್ಕು ವರ್ಷ ಮುದಿಯಾದ ಟೈರು!

"ಇದನ್ನ ಹೊಸದು ಅಂತ ಮಾರೋಕೆ ನಾಚಿಕೆ ಆಗಲ್ವಾ?"

"ಓಡದೇ ಇರೋ ಟೈರು ಹೊಸದೇ ತಾನೆ ಮೇಡಂ..." ಹಲ್ಲು ಕಿರಿದ.

ಹೊರಗೆ ಬಂದು ಕೈ ತೊಳೆದುಕೊಂಡೆ. ಎರಡು ಸಲ.

ಮೇ ೧೪

ಸಿಕ್ಕಿತು. ಹಳೇ ಸಂತೆ ಬೀದಿಯ ಸಣ್ಣ ಅಂಗಡಿ. ಹತ್ತು ಪ್ಲೈ, ಭಾರ ಹೊರುವಂಥದ್ದು, ಈ ವರ್ಷದ ಒಂಬತ್ತನೇ ವಾರದ್ದು. ಮೈಮೇಲಿನ ರಬ್ಬರು ಉಬ್ಬುಗಳ ನಡುವೆ ಬೆರಳು ತೂರುವಷ್ಟು ಸಂದು, ಕೆಸರು ತಾನಾಗಿ ಕಳಚಿಕೊಳ್ಳಬೇಕು. ಅಂಗಡಿಯವಳು ಟಾರ್ಚು ಕೊಟ್ಟು, ನೋಡಿಕೊಳ್ಳಿ ಎಂದು ಕೂತಳು. ಅವಳ ಹೊಟ್ಟೆ ತಣ್ಣಗಿರಲಿ.

ಹಾಕಿಸಿದ್ದು ಗಾಳಿ ಮಾಮನ ಹತ್ತಿರ. ಪಂಕ್ಚರ್ ಅಂಗಡಿಯವನು, ಎಲ್ಲರಿಗೂ ಮಾಮ.

ಹಳೆಯ ನಾಲ್ಕು. ಅಪ್ಪ ಲಾರಿ ಓಡಿಸುವಾಗ ಕಂಬಿ ಕಾಯಿಸಿ ಪ್ರತಿ ಟೈರಿನ, ಗಾಡಿಯಡಿಗೆ ಬರುವ ಪಕ್ಕೆಗೆ ಗುರುತು ಸುಡುತ್ತಿದ್ದರು. ಮೂರು ಚುಕ್ಕೆ, ಕೆಳಗೊಂದು ಗೆರೆ. ಪಂಕ್ಚರ್ ಅಂಗಡಿಯಲ್ಲಿ ಅದಲುಬದಲಾಗಬಾರದೆಂದು. ನಾನೂ ತಂಗಿಯೂ ಇವತ್ತಿಗೂ ಅದನ್ನೇ ಸುಡುತ್ತೇವೆ. ಅಪ್ಪನ ಇನ್ನೊಂದು ಕಟ್ಟಳೆ: ಸತ್ತ ಟೈರನ್ನು ಕೈಬಿಡುವ ಮೊದಲು ಪಕ್ಕೆ ಕೊಯ್ಯಬೇಕು. "ನಮ್ಮ ಗುರುತಿರೋ ಟೈರಿಂದ ಯಾರೂ ಸಾಯಬಾರದು ಕಣ್ರೇ," ಎನ್ನುತ್ತಿದ್ದರು.

ಮುಂದಿನ ಎರಡನ್ನು ಕೊಯ್ದೆ. ಹಿಂದಿನ ಎರಡು... ಬೋಳು ಎನ್ನುವುದು ಬಿಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಅಂಗೈ ಅಗಲದ ಪ್ಯಾಚು, ಸುತ್ತ ನೂಲು ಎದ್ದಿದೆ. ಲೋಡು ಬಿದ್ದರೆ ಸಿಡಿಯುವುದೇ. ಕೊಯ್ಯಲು ಚೂರಿ ಇಟ್ಟಿದ್ದೆ, ಗಾಳಿ ಮಾಮ ಕೂಗಿದ.

"ಅಯ್ಯೋ ತಡೀರಕ್ಕಾ! ಕೊಯ್ದ್ರೆ ಬರೀ ಗುಜರಿ. ಹಂಗೇ ಕೊಡಿ, ಆ ಜಾಕ್ ತಗೊಂಡು ಹೋಗಿ. ಕೈಗಾಡಿಯವರಿಗೆ ಹೋಗುತ್ತೆ ಅಷ್ಟೇ."

ಹೈಡ್ರಾಲಿಕ್ ಜಾಕ್. ನನ್ನದು ಹೋದ ವರ್ಷವೇ ಕೈಕೊಟ್ಟಿತ್ತು.

ಟೈರು ಬಿಟ್ಟೆ, ಜಾಕ್ ತಂದೆ. ಕೈಗಾಡಿ ಗಂಟೆಗೆ ಎಷ್ಟು ಓಡೀತು, ಬಿಡು.

ಮೇ ೧೫

ಏರು ಹತ್ತಿತು, ಬೆಣ್ಣೆಯಲ್ಲಿ ಚೂರಿ ಆಡಿಸಿದಷ್ಟು ಸಲೀಸು. ಜಾಕ್ ಕೂಡ ಚೆನ್ನಾಗಿದೆ. ಹೊಸ ಟೈರಿಗೆ ಗುರುತು ಸುಡಬೇಕು. ಕಂಬಿ ಕಾಯಿಸಲು ಮನಸ್ಸಾಗಲಿಲ್ಲ. ನಾಳೆ.

ಜೂನ್ ೨, ಸಂಜೆ

ತಂಗಿ ಬಂದಿದ್ದಳು. ಮೊಟ್ಟೆ ಗಾಡಿ ಅವಳದು, ನನ್ನದೇ ಮಾದರಿಯ ಪಿಕಪ್. ಗೇಟಿನಿಂದಲೇ ಹಾರ್ನ್ ಹೊಡೆದು ಊರು ಎಬ್ಬಿಸಿದಳು.

"ಅಕ್ಕಾ, ಬಾ ಇಲ್ಲಿ! ನೀನೊಬ್ಳೇ ಏನು ಆಲ್ ಟೆರೇನ್ ರಾಣಿ? ನನ್ನ ಹಿಂದಿನ ಟೈರು ನೋಡು!"

ನೋಡಿದೆ. ಕರ್ರಗೆ ಮಿರಿಮಿರಿ. ಆಳವಾದ ಗೀರು. ಗೀರು ಯಾಕೋ ನೇರವಾಗಿರಲಿಲ್ಲ. ಬೋಳು ಟೈರನ್ನು ಬಿಸಿ ಬ್ಲೇಡಿನಲ್ಲಿ ಕೆತ್ತಿದರೆ ಹಾಗೆ ಕಾಣುತ್ತದೆ. ಕೆತ್ತಿದಷ್ಟೂ ರಬ್ಬರು ತೆಳ್ಳಗೆ. ಅಯ್ಯೋ ಪೆದ್ದಿ, ಟೋಪಿ ಹಾಕಿಸಿಕೊಂಡಳಲ್ಲ ಎಂದು ಬಾಯಿ ತುದಿಗೆ ಬಂದಿತ್ತು. ಗಾಡಿಯಡಿ ತಲೆ ಹಾಕಿದೆ.

ಮೂರು ಚುಕ್ಕೆ. ಕೆಳಗೊಂದು ಗೆರೆ.

"ಕಂಡಿತಾ?" ಅವಳಿಗೆ ನಗು. "ಗಾಳಿ ಮಾಮ ಅಂಗಡಿ ಮುಂದೆ ಸಾಲಾಗಿ ನಿಲ್ಸಿದ್ದ. ಗೀರು ಕೆತ್ತಿರೋದು ಅಂತ ನಂಗೂ ಗೊತ್ತಾಯ್ತು, ಬೇಡ ಅಂತ ಹೊರಟಿದ್ದೆ. ಆಮೇಲೆ ಗುರುತು ಕಾಣ್ತು ನೋಡು. ಅಕ್ಕನ ಟೈರು! ಕೊಯ್ದೇ ಇಲ್ಲ ಅಂದ್ಮೇಲೆ ಇನ್ನೂ ಜೀವ ಇದೆ ಅಂತ ತಾನೆ? ಕಣ್ಣು ಮುಚ್ಚಿ ತಗೊಂಡೆ."

ನಾನು ಏನಂದೆ? "ಹ್ಞೂಂ," ಎಂದೆ. ಕಾಫಿ ಕುಡೀತೀಯಾ ಎಂದೆ.

ಜೂನ್ ೩

ಗಾಳಿ ಮಾಮನ ಅಂಗಡಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಕೈಗಾಡಿ ಅಂದೆಯಲ್ಲೋ, ಜೀವ ತೆಗೀತೀಯಾ, ನೀನೊಬ್ಬ ಮನುಷ್ಯನಾ! ಅವನು ತಿರುಗಿಯೂ ನೋಡಲಿಲ್ಲ. ತೊಟ್ಟಿ ನೀರಿನಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

"ಕೊಯ್ಬೇಕಿತ್ತಲ್ಲಕ್ಕಾ. ಚೂರಿ ನಿಮ್ಮ ಕೈಯಲ್ಲೇ ಇತ್ತು."

ಅವನ ತಲೆಯನ್ನೇ ಆ ತೊಟ್ಟಿಯಲ್ಲಿ ಅದ್ದಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿದೆ. ಏಸಿ ಅಂಗಡಿಯ ಕಿವಿಬೆರಳಿನವನಿಗೆ ನಾಚಿಕೆ ಆಗಲ್ವಾ ಎಂದು ಕೇಳಿ ಬಂದವಳು ನಾನು. ಅವನು ಪಾಲಿಶ್ ಹಚ್ಚಿದ. ನಾನು ಅಪ್ಪನ ಗುರುತನ್ನೇ ಪಾಲಿಶ್ ಮಾಡಿದೆ. ಥೂ ನನ್ನ ಜನ್ಮಕ್ಕೆ.

ನಾಳೆ ಬೆಳಿಗ್ಗೆ ತಂಗಿಗೆ ಹೇಳಿಬಿಡುತ್ತೇನೆ.

ಜೂನ್ ೯

ಹೇಳಿಲ್ಲ.

ಮೂರು ಸಲ ಫೋನ್ ಮಾಡಿದೆ. ಒಂದು ಸಲ ಮೊಟ್ಟೆ ಟ್ರೇ ಬಗ್ಗೆ ಮಾತಾಡಿದೆ. ಒಂದು ಸಲ ಯಜಮಾನರ ಮೊಣಕಾಲು. ಮೂರನೆಯ ಸಲ, "ನಿಧಾನಕ್ಕೆ ಓಡ್ಸೇ," ಎಂದೆ. "ಏನಕ್ಕಾ, ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕುತ್ತಿದೆ?" ಎಂದು ನಕ್ಕಳು.

ಎಂಟು ದಿನದಿಂದ ಮಳೆ. ಅವಳು ದಿನಾ ಲೋಡು ಹೊಡೆಯುತ್ತಿದ್ದಾಳೆ. ಪ್ರತಿ ಸಲ ನನ್ನ ಫೋನ್ ಬಡಿದುಕೊಂಡಾಗ ಅವಳ ನಂಬರೇ ಏನೋ ಎಂದು ಓಡುತ್ತೇನೆ. ಊಟ ಸೇರುತ್ತಿಲ್ಲ. ಡ್ರಮ್ಮಿನ ವಾಸನೆಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ವಾಂತಿ ಮಾಡಿಕೊಂಡೆ.

ಈಗ ಅವಳೇ ಫೋನ್ ಮಾಡಿದ್ದಳು. ಅಮ್ಮನಿಗೆ ಕಣ್ಣಿನ ತಪಾಸಣೆ, ಗುಡ್ಡದಾಚೆಯ ಆಸ್ಪತ್ರೆಯಲ್ಲಿ. ಗುರುವಾರ ಬೆಳಿಗ್ಗೆ ಆರೂವರೆಗೆ ಹೊರಡುತ್ತಾರಂತೆ. ಅವಳ ಗಾಡಿಯಲ್ಲಿ. ಕ್ವಾರಿ ತಿರುವಿನ ಮೇಲೆ.

ಜೂನ್ ೧೧, ಗುರುವಾರ, ಬೆಳಿಗ್ಗೆ ಎಂಟು

ತಂಗಿಯ ಅಂಗಳದಲ್ಲೇ ಕೂತು ಬರೆಯುತ್ತಿದ್ದೇನೆ.

ಆರಕ್ಕೇ ಬಂದೆ. ಹೇಳಲೆಂದೇ ಬಂದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಯಾರೂ ಇಲ್ಲ. ಅಮ್ಮ ಮಾತ್ರ ಆಗಲೇ ಗಾಡಿಯ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಚೀಲ, ಕಣ್ಣಿಗೆ ಕಪ್ಪು ಕನ್ನಡಕ.

"ಯಾರೇ ಅದು? ದೊಡ್ಡವಳಾ?"

"ಹ್ಞೂಂ ಅಮ್ಮ. ಒಂಚೂರು ಇಳಿ, ಟೈರು ನೋಡ್ಬೇಕು."

"ನೋಡು, ನೋಡು. ನೀನೊಂದ್ಸಲ ನೋಡಿದ್ರೆ ನಂಗೂ ಧೈರ್ಯ. ನಿಮ್ಮಪ್ಪನ ಕಣ್ಣು ನಿಂದು."

ಅಮ್ಮನನ್ನು ಕೈಹಿಡಿದು ಜಗುಲಿಗೆ ಕೂರಿಸಿದೆ. ಜಾಕ್ ತಂದೆ, ಅದೇ ಜಾಕ್. ಹಿಂದಿನ ಚಕ್ರ ಎತ್ತಿದೆ. ವಾಲ್ವ್ ತಿರುಗಿಸಿ ಗಾಳಿ ಬಿಟ್ಟೆ. ಪೂರ್ತಿ ಇಳಿದ ಮೇಲೆ ಚೂರಿ ಹಾಕಿದೆ. ಪಕ್ಕೆ ಎಷ್ಟು ಸಲೀಸಾಗಿ ಕೊಯ್ದುಕೊಂಡಿತೆಂದರೆ ಮೈ ಜುಮ್ಮೆಂದಿತು. ಒಳಗೆ ಪ್ಯಾಚು ಅರ್ಧ ಎದ್ದಿತ್ತು. ನೂಲು ಕಪ್ಪಗೆ, ಒದ್ದೆ.

ಎರಡನೆಯದನ್ನು ಕೊಯ್ಯುವಾಗ ತಂಗಿ ಹೊರಬಂದಳು. ಕೈಯಲ್ಲಿ ಫ್ಲಾಸ್ಕು.

"ಅಕ್ಕಾ! ಹುಚ್ಚು ಹಿಡೀತಾ ನಿಂಗೆ?"

ಆಗ ಹೇಳಿದೆ. ನೆಲ ನೋಡಿಕೊಂಡು ಎಲ್ಲ ಹೇಳಿದೆ. ಪ್ಯಾಚು ಗೊತ್ತಿತ್ತು. ಚೂರಿ ಇಟ್ಟು ತೆಗೆದೆ. ಜಾಕಿಗೋಸ್ಕರ. ಜೂನ್ ಎರಡರಿಂದ ಗೊತ್ತು.

ಅವಳು ಕೊಯ್ದ ಸಂದಿನೊಳಗೆ ಕೈ ಹಾಕಿ ಪ್ಯಾಚು ಮುಟ್ಟಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಒಂಬತ್ತು ದಿನ," ಎಂದಳು. "ಒಂಬತ್ತು ದಿನ ನನ್ನ ಹತ್ರ ಮಾತಾಡಿದೀಯ."

ನನ್ನ ಗಾಡಿಯ ಕೀ ಮುಂದೆ ಹಿಡಿದೆ. ಇದರಲ್ಲಿ ಕರಕೊಂಡು ಹೋಗು, ಹೊಸ ಟೈರು. ತೆಗೆದುಕೊಂಡಳು. ಅಮ್ಮನನ್ನು ಹತ್ತಿಸಿದಳು. ಕಿಟಕಿ ಇಳಿಸಿ, ನನ್ನ ಮುಖ ನೋಡದೆ ಹೇಳಿದಳು:

"ಅಪ್ಪನ ಗುರುತು ಇನ್ಮೇಲೆ ನೀನು ಹಾಕ್ಬೇಡ."

"ಏನಂತೆ?" ಎಂದು ಅಮ್ಮ ಕೇಳುತ್ತಿದ್ದದ್ದು ಕೇಳಿಸಿತು. ಗಾಡಿ ಹೋಯಿತು.

ಜೂನ್ ೧೧, ಸಂಜೆ

ಇಬ್ಬರೂ ಬಂದರು. ನೆಟ್ಟಗೆ ಬಂದರು. ತಂಗಿ ಕೀಯನ್ನು ಜಗುಲಿ ಮೇಲೆ ಇಟ್ಟು ಒಳಗೆ ಹೋದಳು.

ಜೂನ್ ೧೬

ಹಳೇ ಸಂತೆ ಬೀದಿಯಿಂದ ಅವಳಿಗೆ ಎರಡು ಹೊಸದು ತಂದೆ. ಟಾರ್ಚು ಹಿಡಿದು ಇಂಚಿಂಚೂ ನೋಡಿ ತಂದೆ. ಗಾಳಿ ಮಾಮನ ಅಂಗಡಿ ಮುಂದೆ ಜಾಕ್ ಬಿಸಾಡಿ ಬಂದೆ. ಅದರಿಂದ ಮನಸ್ಸೇನೂ ಹಗುರಾಗಲಿಲ್ಲ.

ಅವಳು ಬೇಡ ಎನ್ನಲಿಲ್ಲ. ಅವಳ ಜಾಕಿನಲ್ಲಿ ನಾನೇ ಹಾಕಿದೆ, ನಟ್ಟು ಬಿಗಿದೆ. ಅಷ್ಟರಲ್ಲಿ ಒಲೆಯಲ್ಲಿ ಕಂಬಿ ಕಾಯಿಸಿ ತಂದು, ಗಾಡಿಯಡಿ ಅಂಗಾತ ಮಲಗಿ ತಾನೇ ಸುಟ್ಟಳು. ಮೂರು ಚುಕ್ಕೆ, ಗೆರೆ. ರಬ್ಬರು ಸುಟ್ಟ ವಾಸನೆ. ಅಪ್ಪನ ಅಂಗಿಯ ವಾಸನೆ. ಅಳು ಬಂತು, ಹೊಗೆ ಎಂದೆ.

ಎದ್ದು ಕಂಬಿಯನ್ನು ನಮ್ಮಿಬ್ಬರ ನಡುವಿನ ಕಲ್ಲಿನ ಮೇಲೆ ಇಟ್ಟಳು. ತಗೋ ಎನ್ನಲಿಲ್ಲ. ಮುಟ್ಟಬೇಡ ಎಂದೂ ಅನ್ನಲಿಲ್ಲ. ತುದಿ ಇನ್ನೂ ಕೆಂಪಗಿತ್ತು. ಅದು ಕಪ್ಪಾಗುವವರೆಗೂ ಇಬ್ಬರೂ ನಿಂತೆವು. ಆಮೇಲೆ ಅವಳು ಒಳಗೆ ಹೋದಳು.

ಮನೆಗೆ ಬಂದೆ. ಸೋಫಾದಿಂದ ಪ್ರಶ್ನೆ, "ನಮ್ಮ ಟೈರಿಗೆ ಇನ್ನೂ ಗುರುತು ಹಾಕಿಲ್ವೇನೇ? ಯಾರಾದ್ರೂ ಬದಲಾಯ್ಸಿದ್ರೆ?"

ನಿಜ. ನಾಲ್ಕೂ ಹಾಗೇ ಇವೆ, ಗುರುತಿಲ್ಲದೆ. ನಾಳೆ ಯಾರಾದರೂ ಬಿಚ್ಚಿಕೊಂಡು ಹೋದರೆ, ಇವು ನನ್ನವು ಎಂದು ಯಾವ ಬಾಯಲ್ಲಿ—